ಮಧೂರು ದೇವಾಲಯ: ಕಟ್ಟಡ ಹೇಳುವ ಕಥೆ, ಪೂಜೆ ಹೇಳುವ ಕಥೆ

ಹಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಮಕ್ಕಳನ್ನು ಮಧೂರಿಗೆ ಕರೆದುಕೊಂಡು ಹೋಗಿದ್ದೆ. ಒಳಾಂಗಣದಲ್ಲಿ ಪ್ರದಕ್ಷಿಣೆ ಬರುತ್ತಿದ್ದಾಗ ಗರ್ಭಗುಡಿಯ ಹಿಂಭಾಗವನ್ನು ತಲುಪಿದ ಹುಡುಗನೊಬ್ಬ ಅಲ್ಲೇ ನಿಂತುಬಿಟ್ಟ. "ಮಾಷ್ಟ್ರೇ, ಗುಡಿ ಎದುರಿನಿಂದ ಚೌಕ ಉಂಟು. ಹಿಂದೆ ಮಾತ್ರ ಉರುಟು ಯಾಕೆ?" ಎಂದು ಕೇಳಿದ. ನಾನು ತಡಮಾಡದೆ, "ಗಣಪತಿಯ ದೇವಸ್ಥಾನವಲ್ಲವೇ? ಆನೆಯ ಬೆನ್ನಿನ ಹಾಗೆ ಕಟ್ಟಿದ್ದಾರೆ" ಎಂದು ಹೇಳಿ ಸಾಲನ್ನು ಮುಂದಕ್ಕೆ ನಡೆಸಿದೆ. ಹುಡುಗ ತಲೆಯಾಡಿಸಿದ. ಉಳಿದ ಮಕ್ಕಳೂ ಅದನ್ನೇ ನಂಬಿದರು.

ಆ ಉತ್ತರದಲ್ಲಿ ಅರ್ಧ ಸರಿಯಿತ್ತು, ಅರ್ಧ ತಪ್ಪಿತ್ತು. ತಪ್ಪೆಂದು ನನಗೆ ತಿಳಿಯುವ ಹೊತ್ತಿಗೆ ಆ ತರಗತಿಯವರು ಶಾಲೆಯನ್ನು ಬಿಟ್ಟು ಹೋಗಿದ್ದರು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳೆಲ್ಲರ ಕೈಸೇರುವುದರಿಂದ, ಅಂದು ಉಳಿದುಹೋದ ಪಾಠವನ್ನು ಇಂದು ಪೂರ್ತಿ ಮಾಡುವ ಪ್ರಯತ್ನವೇ ಈ ಲೇಖನ.

ಸ್ಥಳ ಮತ್ತು ಸ್ಥಳಪುರಾಣ

ಕಾಸರಗೋಡು ಪೇಟೆಯಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಮಧುವಾಹಿನಿ ಹೊಳೆಯ ದಂಡೆಯ ಮೇಲೆ ಮಧೂರು ದೇವಾಲಯವಿದೆ. ಇದು ಮಾಯಿಪ್ಪಾಡಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕುಂಬಳೆ ಸೀಮೆಯ ಪ್ರಧಾನ ದೇವಾಲಯಗಳಲ್ಲಿ ಒಂದು. ದಕ್ಷಿಣದಲ್ಲಿ ಹರಿಯುವ ಚಂದ್ರಗಿರಿ ಹೊಳೆಯನ್ನು ತುಳುನಾಡಿನ ಮೇರೆಯೆಂದು ಹಿಂದಿನಿಂದಲೂ ಪರಿಗಣಿಸಲಾಗಿದೆ. ಹೊಳೆಯ ಆಚೆಯ ಮಲಯಾಳ ನಾಡಿನ ಮತ್ತು ಈಚೆಯ ತುಳು-ಕನ್ನಡ ನಾಡಿನ ವಾಸ್ತು ಪದ್ಧತಿಗಳು ಪರಸ್ಪರ ಬೆರೆತ ಪ್ರದೇಶ ನಮ್ಮದು.

ಜನರ ಬಾಯಲ್ಲಿ ಇದು 'ಮಧೂರು ಗಣಪತಿ'. ಆದರೆ ದೇವಾಲಯದ ಪೂರ್ಣ ಹೆಸರು ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಾಲಯ ಎಂದಿದೆ. ಹೆಸರಿನಲ್ಲಿ ಮೊದಲು ಬರುವವನು ಈಶ್ವರ, ಅನಂತರ ಬರುವವನು ವಿನಾಯಕ. ಗರ್ಭಗೃಹದ ಪ್ರಧಾನ ಮೂರ್ತಿ ಶಿವಲಿಂಗ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಸ್ಥಳಪುರಾಣದ ಪ್ರಕಾರ ಈ ಲಿಂಗವನ್ನು ಮೊದಲು ಕಂಡವಳು ಮದರು ಎಂಬ ಮೊಗೇರ ಸಮುದಾಯದ ಮಹಿಳೆ. ಹುಲ್ಲು ಕೊಯ್ಯುತ್ತಿದ್ದಾಗ ಆಕೆಯ ಕತ್ತಿ ಕಲ್ಲೊಂದಕ್ಕೆ ತಗುಲಿತೆಂದೂ ಅದು ಉದ್ಭವಲಿಂಗವೆಂದು ತಿಳಿದುಬಂದಿತೆಂದೂ ಸುದ್ದಿ ಅರಸನನ್ನು ಮುಟ್ಟಿ ಗುಡಿ ಎದ್ದಿತೆಂದೂ ಹಿರಿಯರು ಹೇಳುತ್ತಾರೆ. ಊರಿನ ಹೆಸರೂ ದೇವರ ಹೆಸರೂ ಆಕೆಯ ಹೆಸರಿನಿಂದಲೇ ಬಂದುವೆಂಬುದು ಜನರ ನಂಬಿಕೆ. ಐತಿಹ್ಯವನ್ನು ಇತಿಹಾಸದಂತೆ ಓದಬೇಕಾಗಿಲ್ಲ. ಆದರೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅರಸರ ಆಶ್ರಯವಿದ್ದ ದೇವಾಲಯವೊಂದು ತನ್ನ ಮೂಲವನ್ನು ಹೊಲದಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ಕೈಗೆ ಒಪ್ಪಿಸಿ ನೆನೆಯುತ್ತಿದೆ. ಆದರೆ ಆಕೆಯ ಸಮುದಾಯದಂತಹ ಜನರಿಗೆ ಆಗಿನ ಮದರಾಸು ಪ್ರಾಂತದ ದೇವಾಲಯಗಳ ಬಾಗಿಲು ಪ್ರಾಂತವ್ಯಾಪಿಯಾಗಿ ಕಾನೂನಿನ ಮೂಲಕ ತೆರೆದುದು 1947ರ ದೇವಾಲಯ ಪ್ರವೇಶ ಕಾಯಿದೆಯಿಂದ. ನಮ್ಮ ತಾಲೂಕು ಆಗ ಆ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮದರುವಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಈ ವರ್ಷವನ್ನೂ ಜತೆಗೆ ಹೇಳುವುದು ನ್ಯಾಯ.

ಗಜಪೃಷ್ಠ ಎಂದರೇನು?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಶಿಲ್ಪಶಾಸ್ತ್ರವು ಗರ್ಭಗುಡಿಯ ತಳವಿನ್ಯಾಸವನ್ನು ಆಕಾರದ ಮೇಲೆ ವಿಂಗಡಿಸುತ್ತದೆ: ಚೌಕ, ಆಯತ, ವೃತ್ತ, ದೀರ್ಘವೃತ್ತ, ಷಟ್ಕೋನ, ಅಷ್ಟಕೋನ, ಗಜಪೃಷ್ಠ. ಮುಂಭಾಗ ಚೌಕವಾಗಿ, ಹಿಂಭಾಗ ಅರ್ಧವೃತ್ತವಾಗಿ ಸೇರಿದಾಗ ಗಜಪೃಷ್ಠವಾಗುತ್ತದೆ. ಮಲಗಿದ ಆನೆಯನ್ನು ಹಿಂದಿನಿಂದ ನೋಡಿದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ನನ್ನ ಉತ್ತರದಲ್ಲಿ ಸರಿಯಿದ್ದ ಅರ್ಧವೆಂದರೆ ಇಷ್ಟೇ.

ಈ ಆಕಾರಕ್ಕೂ ಗಣಪತಿಗೂ ಸಂಬಂಧವಿಲ್ಲ. ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಉಡುಪಿಯ ಶ್ರೀ ಅನಂತೇಶ್ವರ ದೇವಾಲಯದ ಗರ್ಭಗುಡಿ ಗಜಪೃಷ್ಠಾಕಾರದ್ದು. ಅಲ್ಲಿನ ಪ್ರಧಾನ ದೇವರು ಗಣಪತಿಯಲ್ಲ. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ದುರ್ಗದ ಗುಡಿಯ ಹಿಂಭಾಗವೂ ದುಂಡಗಿದೆ. (ಅಲ್ಲಿನ 'ದುರ್ಗ' ಎಂದರೆ ಕೋಟೆ, ದೇವಿಯ ಹೆಸರಿನಿಂದ ಬಂದುದಲ್ಲ.) ಇನ್ನೂ ಹಿಂದಕ್ಕೆ ಹೋದರೆ, ಮಹಾರಾಷ್ಟ್ರದ ಭಾಜೆ ಮತ್ತು ಕಾರ್ಲೆಯ ಬೌದ್ಧ ಚೈತ್ಯಗಳನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಬಂಡೆಯಲ್ಲಿ ಇದೇ ಆಕಾರದಲ್ಲಿ ಕೊರೆಯಲಾಗಿತ್ತು. ಸ್ತೂಪವನ್ನು ಸುತ್ತಿ ಬರುವ ಭಕ್ತನಿಗೆ ಮೂಲೆಗಳ ತಡೆಯಿಲ್ಲದ ಹಾದಿ ಬೇಕಿತ್ತು. ಅರ್ಧವೃತ್ತದ ಗೋಡೆ ಅದನ್ನು ಒದಗಿಸಿತು. ನಾವು ಮಧೂರಿನಲ್ಲಿ ಪ್ರದಕ್ಷಿಣೆ ಬರುವಾಗ ಪಾದಗಳು ಅನುಸರಿಸುವ ತಿರುವು ಭಾರತದ ಅತಿ ಪ್ರಾಚೀನ ಕಟ್ಟಡ ಸಂಪ್ರದಾಯಗಳಲ್ಲಿ ಒಂದರ ಮುಂದುವರಿಕೆ.

ಮಧೂರಿನ ವೈಶಿಷ್ಟ್ಯವೆಂದರೆ ಈ ಗಜಪೃಷ್ಠವು ಮೂರು ಅಂತಸ್ತುಗಳಲ್ಲಿ ಮೇಲೇರಿರುವುದು. ದೂರದಿಂದ ನೋಡುವವರಿಗೆ ಒಂದರ ಮೇಲೊಂದು ಕುಳಿತ ತಾಮ್ರದ ಮಾಡುಗಳು ಕಾಣುತ್ತವೆ. ಅಂತಸ್ತು ಮೂರಾದರೂ ದೇವರಿರುವುದು ಕೆಳಗಿನ ನೆಲೆಯಲ್ಲಿ ಮಾತ್ರ. ಮೇಲಿನವು ಗರ್ಭಗೃಹದ ಘನತೆಯನ್ನು ಎತ್ತರದ ಮೂಲಕ ಸಾರುವಂಥವು.

ಮಳೆ, ಮುರಕಲ್ಲು, ಮರ, ತಾಮ್ರ

ಹಳೇಬೀಡು-ಬೇಲೂರುಗಳನ್ನು ನೋಡಿ ಬಂದವರು ನಮ್ಮ ದೇವಾಲಯಗಳಲ್ಲಿ ಶಿಲ್ಪವೈಭವವಿಲ್ಲವೆಂದು ಹೇಳುವುದುಂಟು. ಅದು ಹೋಲಿಕೆಯ ದೋಷ. ಹೊಯ್ಸಳ ಶಿಲ್ಪಿಗೆ ಕೊರೆಯಲು ಮೃದುವಾದ ಬಳಪದ ಕಲ್ಲು ದೊರೆಯಿತು. ನಮ್ಮ ನೆಲ ಕೊಟ್ಟದ್ದು ಮುರಕಲ್ಲು. ನೆಲದೊಳಗೆ ಮೆದುವಾಗಿದ್ದು ಗಾಳಿ-ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ತೂತುಗಳು. ಸೂಕ್ಷ್ಮ ಕೆತ್ತನೆ ಅದರಲ್ಲಿ ನಿಲ್ಲದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದದ ಮೂಲಕ್ಕೆ ಇಟ್ಟಿಗೆ ಎಂದರ್ಥ. ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಏರಿಸುವ ನಮ್ಮವರ ಕೆಲಸವನ್ನು ಕಂಡು ಕೊಟ್ಟ ಹೆಸರು ಅದು.

ಎರಡನೆಯದು ಮಳೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಚಪ್ಪಟೆ ಮಾಳಿಗೆ ಉಳಿಯುವುದಿಲ್ಲ. ಆದ್ದರಿಂದ ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಅದನ್ನು ಹೊರುವ ಮರದ ಪಕ್ಕಾಸುಗಳು. ಮಾಡಿಗೆ ತಾಮ್ರದ ಹೊದಿಕೆ ಹಾಕಿದರೆ ನೀರು ನಿಲ್ಲದೆ ಜಾರುತ್ತದೆ, ಒಳಗಿನ ಮರ ಬಾಳುತ್ತದೆ. ಗಜಪೃಷ್ಠದ ಮೇಲೆ ಮಾಡು ಕಟ್ಟುವುದು ಬಡಗಿಗೆ ಒಂದು ಪರೀಕ್ಷೆಯೇ ಸರಿ. ಚೌಕದ ಭಾಗದಲ್ಲಿ ಪಕ್ಕಾಸುಗಳು ಸಮಾನಾಂತರವಾಗಿ ಇಳಿಯಬೇಕು. ಅರ್ಧವೃತ್ತದ ಭಾಗದಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಬೇಕು. ಈ ಎರಡು ಸೇರುವಲ್ಲಿ ಲೆಕ್ಕ ತಪ್ಪಿದರೆ ಮಾಡು ಸೋರುತ್ತದೆ. ತಾಳೆಗರಿಯಲ್ಲಿ ಬರೆದ ಶಾಸ್ತ್ರಕ್ಕಿಂತ ಹೆಚ್ಚಾಗಿ ಬಡಗಿಯ ಮುಳುಗೋಲಿನಲ್ಲಿ, ತಂದೆಯಿಂದ ಮಗನಿಗೆ ಇಳಿದುಬಂದ ಗಣಿತವಿದು.

ಕಲ್ಲಿನಲ್ಲಿ ಸಾಧಿಸಲಾಗದ ಕೆತ್ತನೆಯನ್ನು ಈ ಬಡಗಿಗಳು ಮರದಲ್ಲಿ ತೀರಿಸಿಕೊಂಡರು. ಗರ್ಭಗುಡಿಯ ಮುಂದಿನ ಮಂಟಪದಲ್ಲಿ ಪುರಾಣಪುರುಷರ, ಸೀತಾಸ್ವಯಂವರದಂತಹ ರಾಮಾಯಣ ಸನ್ನಿವೇಶಗಳ ಕೆತ್ತನೆಗಳಿವೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಳಕೆಗೆ ಬಂದಿರುವ ರಾಮಾಯಣ ಪ್ರಸಂಗಗಳನ್ನು ಬಯಲಾಟದಲ್ಲಿ ನೋಡಿ ಬೆಳೆದ ಈ ಸೀಮೆಯ ಜನರಿಗೆ ಆ ಕೆತ್ತನೆಗಳ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಣ್ಣೆತ್ತಿ ನೋಡಿದರೆ ಸಾಕಿತ್ತು.

ಮರದ ಕಟ್ಟಡಕ್ಕೆ ಇನ್ನೊಂದು ಗುಣವಿದೆ. ಅದನ್ನು ಆಗಾಗ ಬಿಚ್ಚಿ ಕಟ್ಟಬೇಕು. ಹಾಗಾಗಿ ಇಂತಹ ದೇವಾಲಯ ಯಾವ ಶತಮಾನದ್ದೆಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು. ಅಧಿಷ್ಠಾನಕ್ಕೆ ಒಂದು ವಯಸ್ಸು, ಗೋಡೆಗೆ ಇನ್ನೊಂದು, ಮಾಡಿಗೆ ಮತ್ತೊಂದು. ಹಳೆಯದೆಂದರೆ ಹಿಂದಿನವರು ಕಟ್ಟಿದ್ದನ್ನು ಬಿಚ್ಚಿ, ಅದೇ ಅಳತೆಯಲ್ಲಿ ಮತ್ತೆ ಕಟ್ಟಬಲ್ಲ ವಿದ್ಯೆ ಉಳಿದುಬಂದಿದೆ ಎಂದರ್ಥ.

ಹೊರಗಿನಿಂದ ಒಳಕ್ಕೆ

ಪಠ್ಯಪುಸ್ತಕದಲ್ಲಿ 'ಗೋಪುರ' ಎಂಬ ಪದವನ್ನು ಮಕ್ಕಳು ತಮಿಳುನಾಡಿನ ದೇವಾಲಯಗಳ ಮುಗಿಲೆತ್ತರದ ಚಿತ್ರದೊಂದಿಗೆ ಕಲಿಯುತ್ತಾರೆ. ನಮ್ಮ ಸೀಮೆಯಲ್ಲಿ ಒಳಾಂಗಣವನ್ನು ನಾಲ್ಕೂ ಕಡೆ ಬಳಸಿ ನಿಂತ ತಗ್ಗಿನ ಕಟ್ಟಡಕ್ಕೆ ಸುತ್ತುಗೋಪುರವೆನ್ನುತ್ತೇವೆ. ಮಲಯಾಳದಲ್ಲಿ ಅದು ನಾಲಂಬಲ. ಗರ್ಭಗುಡಿಯನ್ನು ಅವರು ಶ್ರೀಕೋವಿಲ್ ಎನ್ನುತ್ತಾರೆ. ಅವರ ನಮಸ್ಕಾರ ಮಂಟಪವನ್ನು ನಮ್ಮ ಕಡೆ ತೀರ್ಥಮಂಟಪವೆನ್ನುವುದು ರೂಢಿ. ಮಾಡಿನ ನೆತ್ತಿಯ ಮೇಲಿನ ಕಲಶಕ್ಕೆ ನಮ್ಮವರ ಹೆಸರು ಮುಗುಳಿ. ಶಾಸ್ತ್ರಗ್ರಂಥವಾದರೋ ಇಡೀ ಗುಡಿಯನ್ನು ಶರೀರವೆಂದು ಭಾವಿಸಿ ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ ಎಂಬ ಆರು ಅಂಗಗಳನ್ನು ಹೇಳುತ್ತದೆ. ಒಂದೇ ವಸ್ತುವಿಗೆ ಸಂಸ್ಕೃತದ ಹೆಸರೊಂದು, ಮಲಯಾಳದ್ದೊಂದು, ನಮ್ಮ ಹಿರಿಯರ ಬಾಯಿಮಾತಿನದ್ದೊಂದು. ಈ ಮೂರನ್ನೂ ಬಲ್ಲವನು ಈ ನೆಲದ ನಿಜವಾದ ವಿದ್ಯಾವಂತ.

ಈ ಆವರಣಗಳು ಬರಿಯ ಗೋಡೆಗಳಲ್ಲವೆಂಬುದು ಉತ್ಸವಕಾಲದಲ್ಲಿ ತಿಳಿಯುತ್ತದೆ. ಗರ್ಭಗುಡಿಯ ಸುತ್ತ ನೆಲದಲ್ಲಿ ಸಣ್ಣ ಬಲಿಕಲ್ಲುಗಳಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಅವುಗಳನ್ನು ತುಳಿಯಬಾರದೆಂದು ಮಕ್ಕಳಿಗೆ ಹೇಳುತ್ತೇವೆ, ಏಕೆಂದು ಹೇಳುವುದಿಲ್ಲ. ಎಂಟು ದಿಕ್ಕುಗಳಲ್ಲಿರುವವು ದಿಕ್ಪಾಲಕರ ಸ್ಥಾನಗಳು. ದಕ್ಷಿಣದಲ್ಲಿ ಸಾಲಾಗಿರುವವು ಸಪ್ತಮಾತೃಕೆಯರವು. ಬಲಿಯ ಹೊತ್ತಿನಲ್ಲಿ ಅರ್ಚಕರು ಈ ಪರಿವಾರದವರಿಗೆಲ್ಲ ಕ್ರಮವಾಗಿ ಅನ್ನವನ್ನು ಸಲ್ಲಿಸುತ್ತಾರೆ. ಬಳಿಕ ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು, ಚೆಂಡೆ-ವಾದ್ಯಗಳ ತಾಳಕ್ಕೆ ಹೆಜ್ಜೆ ಹಾಕುತ್ತ ಸುತ್ತು ಬರುತ್ತಾರೆ. ಗರ್ಭಗುಡಿಯಿಂದ ಒಳಾಂಗಣಕ್ಕೆ, ಅಲ್ಲಿಂದ ಹೊರಾಂಗಣಕ್ಕೆ ದೇವರು ಹೆಜ್ಜೆ ಹೆಜ್ಜೆಯಾಗಿ ಜನರ ಬಳಿಗೆ ಬರುವ ಕ್ರಮವಿದು. ವಾಸ್ತುವಿನ ನಕ್ಷೆ ಮತ್ತು ಪೂಜೆಯ ಕ್ರಮ ಒಂದೇ ಹಾದಿಯ ಎರಡು ಬರಹಗಳು.

ಮಧೂರಿನಲ್ಲಿ ಇನ್ನೊಂದು ಐತಿಹ್ಯವೂ ಇದೆ. ದಂಡೆತ್ತಿ ಬಂದ ಟಿಪ್ಪು ಸುಲ್ತಾನನು ದೇವಾಲಯದ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿ, ಮಾಡಿನ ಮೇಲೆ ಕತ್ತಿಯ ಗುರುತೊಂದನ್ನು ಮಾತ್ರ ಮಾಡಿ ಹೋದನೆಂದು ಹೇಳುತ್ತಾರೆ. ಆ ಗುರುತನ್ನು ಈಗಲೂ ತೋರಿಸುವುದುಂಟು.

ಗೋಡೆಯಲ್ಲಿ ಮೂಡಿದ ಗಣಪತಿ

ಇಷ್ಟರ ತನಕ ಹೇಳಿದುದೆಲ್ಲ ಶಿವಾಲಯದ ವಾಸ್ತು. ಹಾಗಾದರೆ ಗಣಪತಿ ಎಲ್ಲಿಂದ ಬಂದ?

ಗರ್ಭಗೃಹದ ದಕ್ಷಿಣ ಗೋಡೆಯಲ್ಲಿ ಹುಡುಗನೊಬ್ಬ ಆಟಕ್ಕೆಂದು ಗಣಪತಿಯ ಚಿತ್ರ ಬರೆದನಂತೆ. ಹಿರಿಯರು ಪೂಜೆ ಮಾಡುವುದನ್ನು ಕಂಡಿದ್ದ ಮಕ್ಕಳು ತಾವೂ ಪೂಜೆ ಮಾಡಿದರಂತೆ. ನೈವೇದ್ಯಕ್ಕೆ ಬೇಯಿಸಿದ್ದು ಏನೂ ಇಲ್ಲದೆ ಅಕ್ಕಿಯ ಹಸಿಹಿಟ್ಟನ್ನೇ ಅಪ್ಪವೆಂದು ಇಟ್ಟರಂತೆ. ಚಿತ್ರ ಬೆಳೆಯತೊಡಗಿತು, ದಿನದಿಂದ ದಿನಕ್ಕೆ ದಪ್ಪವಾಯಿತು. 'ಬೊಡ್ಡಜ್ಜ ಗಣಪತಿ' ಎಂಬ ಮುದ್ದಿನ ಹೆಸರು ಬಂದುದು ಈ ದಪ್ಪ ಮೈಯಿಂದ. ಬೇಯಿಸದ ಹಿಟ್ಟಿನ ಆ 'ಪಚ್ಚಪ್ಪ' ಇಂದಿಗೂ ಇಲ್ಲಿಯ ವಿಶೇಷ ನೈವೇದ್ಯವಾಗಿದೆ.

ಇಲ್ಲಿ ಶಾಸ್ತ್ರವನ್ನೂ ಸ್ವಲ್ಪ ನೋಡಬೇಕು. ಕೇರಳ ಪದ್ಧತಿಯ ಶಿವಾಲಯಗಳಲ್ಲಿ ಗರ್ಭಗುಡಿಯ ದಕ್ಷಿಣ ಭಾಗವು ದಕ್ಷಿಣಾಮೂರ್ತಿಗೆ ಮತ್ತು ಗಣಪತಿಗೆ ಮೀಸಲಾದ ಸ್ಥಾನ. ಮಕ್ಕಳ ಕೈ ಬರೆದದ್ದೂ ಶಾಸ್ತ್ರ ತೋರಿಸುವ ಜಾಗದಲ್ಲೇ. ಕಥೆಯಿಂದ ಪದ್ಧತಿ ಬಂತೋ, ಪದ್ಧತಿಯಿಂದ ಕಥೆ ಬಂತೋ, ಎರಡೂ ಒಂದೇ ಗೋಡೆಯಲ್ಲಿ ಸೇರಿವೆ.

ಹೀಗೆ ಮಧೂರಿನಲ್ಲಿ ಕಟ್ಟಡ ಒಂದು ಕಥೆಯನ್ನು ಹೇಳುತ್ತದೆ, ಪೂಜೆ ಇನ್ನೊಂದನ್ನು ಹೇಳುತ್ತದೆ. ಗರ್ಭಗುಡಿಯ ಎದುರು ಬಾಗಿಲು, ಮಂಟಪ, ಬಲಿಕಲ್ಲು ಎಲ್ಲವೂ ಈಶ್ವರನನ್ನು ಕೇಂದ್ರವಾಗಿಟ್ಟುಕೊಂಡಿವೆ. ಜನರ ಹರಕೆ, ಅಪ್ಪದ ಸೇವೆ, ಉದಯಾಸ್ತಮಾನ ಸೇವೆಗಳೆಲ್ಲ ಬದಿಯ ಗೋಡೆಯ ಗಣಪತಿಯತ್ತ ಹರಿಯುತ್ತವೆ. ಗಣಪತಿಯ ಮಹಿಮೆ ಬೆಳೆಯಿತೆಂದು ಈಶ್ವರನನ್ನು ಬದಿಗೆ ಸರಿಸಲಿಲ್ಲ. ಈಶ್ವರನ ಗುಡಿಯೆಂದು ಮಕ್ಕಳ ಗಣಪತಿಯನ್ನು ಅಳಿಸಲೂ ಇಲ್ಲ. ನಾನು ಅಂದು ಹುಡುಗನಿಗೆ ಹೇಳಿದ ಉತ್ತರ ಎಡವಿದ್ದು ಇಲ್ಲಿಯೇ. ಪೂಜೆಯ ಕಥೆಯಿಂದ ಕಟ್ಟಡವನ್ನು ವಿವರಿಸಲು ಹೊರಟಿದ್ದೆ.

ಅಪ್ಪದಿಂದ ಮೂಡಪ್ಪಕ್ಕೆ

ಗಣಪತಿಗೆ ಪ್ರಿಯವಾದ ಅಪ್ಪದ ಸೇವೆಗಳಲ್ಲಿ ಮೆಟ್ಟಿಲುಗಳಿವೆ. ಸಾವಿರ ಅಪ್ಪಗಳನ್ನು ಸಮರ್ಪಿಸುವುದು ಸಹಸ್ರಾಪ್ಪ. ಎಲ್ಲಕ್ಕೂ ದೊಡ್ಡದು ಮೂಡಪ್ಪ ಸೇವೆ. ಗಣಪತಿಯ ಮೂರ್ತಿ ಮುಚ್ಚುವಷ್ಟು ಅಪ್ಪಗಳನ್ನು ರಾಶಿ ಹಾಕಿ ಸಮರ್ಪಿಸುವುದೇ ಈ ಸೇವೆ. ಕನ್ನಡದಲ್ಲಿ 'ಮೂಡು' ಎಂದರೆ ಹುಟ್ಟು, ಉದಯವಾಗು. ಮಲಯಾಳದಲ್ಲಿ 'ಮೂಡುಕ' ಎಂದರೆ ಮುಚ್ಚು. ಕನ್ನಡದ ಕಿವಿಯಿಂದ ಮಾತ್ರ ಕೇಳಿದರೆ ಈ ಹೆಸರಿನ ಅರ್ಥ ತಪ್ಪಿಹೋಗುತ್ತದೆ. ನೆರೆಯ ಭಾಷೆಯನ್ನು ಬಲ್ಲವನಿಗೆ ತನ್ನೂರಿನ ದೇವರ ಸೇವೆಯೂ ಹೆಚ್ಚು ಸ್ಪಷ್ಟವಾಗುತ್ತದೆ.

ಈ ಸೇವೆ ಪದೇ ಪದೇ ನಡೆಯುವುದಿಲ್ಲ. ಬಹುಕಾಲ ನಿಂತುಹೋಗಿದ್ದ ಇದು 1962ರಲ್ಲಿ ನಡೆಯಿತು. ಆಮೇಲೆ 30 ವರ್ಷಗಳ ಬಳಿಕ 1992ರಲ್ಲಿ, ಮತ್ತೆ 33 ವರ್ಷಗಳ ಬಳಿಕ 2025ರಲ್ಲಿ, ಜೀರ್ಣೋದ್ಧಾರಗೊಂಡ ದೇವಾಲಯದ ಬ್ರಹ್ಮಕಲಶೋತ್ಸವದೊಂದಿಗೆ ನೆರವೇರಿತು. ಈ ಅಂತರಗಳನ್ನು ಗಮನಿಸಬೇಕು. ಮೂವತ್ತು ವರ್ಷವೆಂದರೆ ಒಂದು ತಲೆಮಾರು. 1962ರಲ್ಲಿ ಹಿರಿಯರ ಕೈಕೆಳಗೆ ಓಡಾಡಿದ ತರುಣರು 1992ರಲ್ಲಿ ಮುಂದೆ ನಿಂತು ನಡೆಸುವ ಪ್ರಾಯದವರಾಗಿದ್ದರು. 1992ರಲ್ಲಿ ತಂದೆಯ ಹೆಗಲ ಮೇಲೆ ಕುಳಿತು ನೋಡಿದ ಮಕ್ಕಳು 2025ರಲ್ಲಿ ತಮ್ಮ ಮಕ್ಕಳನ್ನು ಕರೆತಂದರು. ಒಬ್ಬನ ಬಾಳಿನಲ್ಲಿ ಒಮ್ಮೆ ನೋಡಿ, ಒಮ್ಮೆ ಮಾಡಿಸುವಷ್ಟು ಅವಕಾಶ. ಅದಕ್ಕಿಂತ ಅಂತರ ಹೆಚ್ಚಾದರೆ ಕಂಡವರು ಉಳಿಯುವುದಿಲ್ಲ, ಕೇಳಿದವರು ಮಾತ್ರ ಉಳಿಯುತ್ತಾರೆ.

ಉಳಿಸಿಕೊಳ್ಳುವ ಪ್ರಶ್ನೆ

ಜೀರ್ಣೋದ್ಧಾರವೆಂಬುದು ಎಷ್ಟು ಪವಿತ್ರವೋ ಅಷ್ಟೇ ಎಚ್ಚರಿಕೆಯ ಕಾರ್ಯ. ಕುಂಬಳೆಯ ಸಮೀಪದ ಅನಂತಪುರದ ಸರೋವರ ದೇವಾಲಯವನ್ನು ಇಲ್ಲಿ ನೆನೆಯಬಹುದು. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನವೆಂದು ನಂಬಲಾಗಿರುವ ಅಲ್ಲಿಯ ಹಳೆಯ ಮೂರ್ತಿಗಳು ಕಡುಶರ್ಕರ ಪಾಕದವು. ಮರದ ಚೌಕಟ್ಟಿನ ಮೇಲೆ ಮಣ್ಣು, ನಾರು, ಅಂಟು, ಔಷಧೀಯ ದ್ರವ್ಯಗಳ ಮಿಶ್ರಣವನ್ನು ಲೇಪಿಸಿ ರೂಪಿಸುವ ಅಪೂರ್ವ ವಿಧಾನ ಅದು. ಅಂತಹ ಮೂರ್ತಿಗೆ ನೇರವಾಗಿ ಜಲಾಭಿಷೇಕ ಮಾಡಲಾಗದು. ಅದಕ್ಕೆ ಬೇರೆ ಬಿಂಬ ಬೇಕು. ಮೂರ್ತಿಯ ದ್ರವ್ಯವೇ ಪೂಜೆಯ ಕ್ರಮವನ್ನು ನಿರ್ಧರಿಸುತ್ತದೆ. 1972ರಲ್ಲಿ ಅಲ್ಲಿ ಪಂಚಲೋಹದ ಮೂರ್ತಿಗಳು ಬಂದುವು. ಒಂದು ದ್ರವ್ಯ ಬದಲಾದರೆ ಅದರೊಂದಿಗೆ ಒಂದು ವಿದ್ಯೆಯೂ ಒಂದು ಆಚರಣೆಯೂ ಕೈಬಿಟ್ಟುಹೋಗುವ ಸಾಧ್ಯತೆಯಿದೆಯೆಂಬುದನ್ನು ನಾವು ಈ ನಿದರ್ಶನದಿಂದ ತಿಳಿಯಬೇಕು.

ಎಲ್ಲವನ್ನೂ ಇದ್ದಂತೆಯೇ ಇಡಬೇಕೆಂದು ನಾನು ಹೇಳುತ್ತಿಲ್ಲ. ಮರ ಲಡ್ಡಾದರೆ ಬದಲಿಸಲೇಬೇಕು, ಜನ ಹೆಚ್ಚಾದರೆ ಜಾಗ ಬೇಕೇ ಬೇಕು. ಆದರೆ ಯಾವುದನ್ನು ಬದಲಿಸುತ್ತಿದ್ದೇವೆಂದು ತಿಳಿದು ಬದಲಿಸಬೇಕು. ಹೆಸರೇ ಗೊತ್ತಿಲ್ಲದ ವಸ್ತು ಕಳೆದುಹೋದರೆ ಕಳೆದುಹೋಯಿತೆಂದೂ ಗೊತ್ತಾಗುವುದಿಲ್ಲ. ಮುಗುಳಿ, ಪಕ್ಕಾಸು, ಬಲಿಕಲ್ಲು, ತೀರ್ಥಮಂಟಪ ಎಂಬ ಮಾತುಗಳು ನಮ್ಮ ಮಕ್ಕಳ ಬಾಯಿಂದ ಮರೆಯಾದರೆ, ಆ ವಸ್ತುಗಳು ಕಣ್ಣಿನಿಂದ ಮರೆಯಾಗುವುದಕ್ಕೆ ಹೆಚ್ಚು ದಿನ ಬೇಡ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಶಾಲೆಗಳು ಹೊತ್ತ ಹೊಣೆ ಇಂತಹ ಮಾತುಗಳದ್ದೂ ಆಗಿದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಮಕ್ಕಳ ಕೈಹಿಡಿದು ಒಳಾಂಗಣದಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ಗುಡಿಯ ಹಿಂಭಾಗಕ್ಕೆ ಬಂದಾಗ ನಿಂತು, ಆ ತಿರುವನ್ನು ತೋರಿಸಿ. ದಕ್ಷಿಣಕ್ಕೆ ಬಂದಾಗ, ಇದು ನಿನ್ನಂತಹ ಮಗುವೊಂದು ಬರೆದ ಚಿತ್ರವಂತೆ ಎಂದು ಹೇಳಿ. ಹುಲ್ಲು ಕೊಯ್ಯುತ್ತಿದ್ದ ಮದರುವಿನ ಹೆಸರನ್ನೂ ಹೇಳಿ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿರುವನೋ ತಿಳಿಯದು. ಈ ಪುಟ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ಅವನ ಪ್ರಶ್ನೆ ಸರಿಯಾಗಿತ್ತು, ತಪ್ಪಿದ್ದು ಮಾಷ್ಟ್ರ ಉತ್ತರ.